ಕಲ್ಲಿನ ಖಣಿಗೆ ಒಂದು ಗಟ್ಟಿ ರೇಡಿಯೋ

ಕಲ್ಲನ್ನು ನೋಡಿ ಹೇಳುವವರು ಬೇರೆ, ಕೇಳಿ ಹೇಳುವವರು ಬೇರೆ. ನಾನು ಕೇಳಿ ಹೇಳುವವನು. ಸಣ್ಣ ಸುತ್ತಿಗೆಯಿಂದ ಒಮ್ಮೆ ಬಡಿದರೆ ಸಾಕು, ಒಳಗೆ ಬಿರುಕು ಇದೆಯೋ ಇಲ್ಲವೋ ತಿಳಿದುಬಿಡುತ್ತಿತ್ತು. ಗಟ್ಟಿ ಕಲ್ಲು ಗಂಟೆಯ ಹಾಗೆ ದನಿ ಕೊಡುತ್ತದೆ. ಬಿರುಕು ಬಿಟ್ಟ ಕಲ್ಲು ನೆಗಡಿ ಬಂದವರ ಹಾಗೆ ಮಾತಾಡುತ್ತದೆ. ಇಳಕಲ್ಲಿನ ಹೊರಗೆ, ಊರಿಂದ ಎರಡು ಮೈಲಿ ದೂರದ ಕೆಂಪು ಕಲ್ಲಿನ ಖಣಿಯಲ್ಲಿ ನಾನು ಮೇಸ್ತ್ರಿ. ನನ್ನ ಕಿವಿಯ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ. ಹೀಗಾಗಿ ನನಗೊಂದು ನಂಬಿಕೆ ಬೆಳೆದಿತ್ತು: ಕಲ್ಲು ಆರಿಸಬಲ್ಲವನು ಈ ಭೂಮಿಯ ಮೇಲಿನ ಯಾವ ವಸ್ತುವನ್ನಾದರೂ ಆರಿಸಬಲ್ಲ.

ಆ ನಂಬಿಕೆ ಒಂದು ಬುಧವಾರ ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದು ಗಂಟೆಯೊಳಗೆ ತೀರಿಕೊಂಡಿತು.

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಹೆಂಡತಿ ಗಿರಿಜಾ ಕಲಾದಗಿಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ನಾನು ಇಳಕಲ್ಲಿನಲ್ಲಿ, ಆಕೆ ಕಲಾದಗಿಯಲ್ಲಿ. ವರ್ಗಾವಣೆಯ ಅರ್ಜಿ ಎಲ್ಲೋ ಒಂದು ಮೇಜಿನ ಮೇಲೆ ಸುಖವಾಗಿ ನಿದ್ರಿಸುತ್ತಿತ್ತು. ಶನಿವಾರ ಊಟದ ಹೊತ್ತಿಗೆ ಕೆಲಸ ಮುಗಿಸಿ ಬಸ್ಸು ಹತ್ತುತ್ತಿದ್ದೆ. ಹುನಗುಂದ ದಾಟಿ, ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ, ಕಲಾದಗಿ ಮುಟ್ಟುವಾಗ ಮನೆಗಳಲ್ಲಿ ದೀಪ ಹಚ್ಚಿರುತ್ತಿದ್ದರು. ರವಿವಾರ ಮಧ್ಯಾಹ್ನವೇ ವಾಪಸು ಬಸ್ಸು. ಹೇಳಬೇಕೆಂದು ವಾರವಿಡೀ ಕೂಡಿಸಿಟ್ಟುಕೊಂಡ ಮಾತುಗಳು ಬಸ್ಸು ಚಲಿಸಿದ ಮೇಲೆ ನೆನಪಾಗುತ್ತಿದ್ದವು. ಕಿಟಕಿಯಿಂದ ತಿರುಗಿ ನೋಡಿದರೆ ಆಕೆ ಸೆರಗಿನಿಂದ ಧೂಳು ಮರೆ ಮಾಡಿಕೊಂಡು ನಿಂತಿರುತ್ತಿದ್ದಳು. ಆಕೆಗೂ ಏನೋ ನೆನಪಾಗಿದೆ ಎಂದು ನನಗೆ ಅನ್ನಿಸುತ್ತಿತ್ತು.

ಗಿರಿಜಾ ಹಾಡುತ್ತಾಳೆ ಎಂಬುದು ನನಗೆ ತಿಳಿದದ್ದು ಅಕಸ್ಮಾತ್ತಾಗಿ. ಒಂದು ರವಿವಾರ ನದಿಗೆ ಹೋಗಿ ಸ್ನಾನ ಮಾಡಿ ಬರುತ್ತಿದ್ದೆ. ಒಳಗೆ ಆಕೆ ಜೋಳ ಹಸನು ಮಾಡುತ್ತ ಸಣ್ಣಗೆ ಏನನ್ನೋ ಗುನುಗುತ್ತಿದ್ದಳು. ಕೇಳಿದ್ದು ಎರಡೇ ಎರಡು ಸಾಲು. ಬಾಗಿಲಲ್ಲಿ ನನ್ನ ನೆರಳು ಬಿತ್ತು. ಹಾಡು ನಿಂತಿತು.

"ಯಾಕ ನಿಲ್ಲಿಸಿದಿ?" ಎಂದೆ.

"ಜ್ವಾಳ ಹಸನಾದ್ವು," ಎಂದಳು.

ಮೊರದಲ್ಲಿ ಇನ್ನೂ ಅರ್ಧ ಜೋಳ ಹಾಗೇ ಇತ್ತು. ಅಂದಿನಿಂದ ಆ ಎರಡು ಸಾಲು ನನ್ನ ಬೆನ್ನು ಹತ್ತಿದವು. ಖಣಿಯಲ್ಲಿ ನಲವತ್ತು ಉಳಿಗಳು ಒಟ್ಟಿಗೆ ಕಲ್ಲು ಕಡಿಯುವಾಗಲೂ ನಾನು ಆ ಸಪ್ಪಳದ ಕೆಳಗೆ ಎಲ್ಲೋ ಅವನ್ನು ಹುಡುಕುತ್ತಿದ್ದೆ. ರಾಗ ಇಷ್ಟಿಷ್ಟೇ ಅಳಿಸಿಹೋಗುತ್ತಿತ್ತು. ಕೊನೆಗೆ, ಕೇಳಿದ್ದೆ ಎಂಬ ನೆನಪು ಮಾತ್ರ ಉಳಿಯಿತು.

ಹೀಗಿರುವಾಗ ಒಂದು ಗುರುವಾರ ಆಕೆಯ ಪತ್ರ ಬಂತು. ಜಿಲ್ಲೆಯ ಕೆಲವು ಶಿಕ್ಷಕಿಯರನ್ನು ರೇಡಿಯೋದವರು ಕರೆಸಿ ಹಾಡಿಸಿದ್ದರಂತೆ. ಬರುವ ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ಮಹಿಳೆಯರ ಕಾರ್ಯಕ್ರಮದಲ್ಲಿ ಅದು ಪ್ರಸಾರವಾಗುತ್ತದೆ. ಕೊನೆಗೆ ಒಂದು ಸಾಲು: "ನಾ ಒಬ್ಬಾಕೀನ ಒಂದು ಹಾಡು ಹಾಡೇನಿ. ತಪ್ಪಿಸಬ್ಯಾಡ್ರಿ."

ಆ ಪತ್ರವನ್ನು ಎಷ್ಟು ಸಲ ಓದಿದೆನೆಂದರೆ, ಮಡಿಕೆಯ ಜಾಗದಲ್ಲಿ ಅದು ಎರಡು ತುಂಡಾಯಿತು.

ಇಳಕಲ್ಲಿನ ಬಸ್ ಸ್ಟ್ಯಾಂಡಿನೆದುರು ಒಂದು ಚಹಾದ ಹೋಟೆಲಿತ್ತು. ಅಲ್ಲಿ ರೇಡಿಯೋ ದಿನವಿಡೀ ಹಾಡುತ್ತಿತ್ತು. ಬುದ್ಧಿ ಇದ್ದ ಯಾವ ಮನುಷ್ಯನಾದರೂ ಅಲ್ಲಿ ಹೋಗಿ ಕೂತು ಕೇಳಿ ಬರುತ್ತಿದ್ದ. ನನಗೆ ಅದು ಸರಿ ಕಾಣಲಿಲ್ಲ. ಇಷ್ಟು ದಿನ ಕಾದ ದನಿಯನ್ನು ಬಜ್ಜಿ ಕರಿಯುವ ಸಪ್ಪಳದಲ್ಲಿ ಕೇಳುವುದೇ? ಖಣಿಗೆ ಒಂದು ರೇಡಿಯೋ ಬೇಕೆಂದು ಕೆಲಸಗಾರರು ಮೊದಲಿನಿಂದಲೂ ಕೇಳುತ್ತಿದ್ದರು. ಮಾಲೀಕರ ಹತ್ತಿರ ಹೋದೆ. ಅವರು ಕೂಡಲೇ ಒಪ್ಪಿದರು.

"ನೀನs ಆರಿಸಿ ತಗೊಂಡ ಬಾ ಸಂಗಪ್ಪ. ಆದ್ರ ಗಟ್ಟಿ ಇರಲಿ. ಕಲ್ಲಿನ ಜಾಗಾ ಅದು," ಎಂದರು.

"ಆ ಕಾಳಜಿ ನಿಮಗ ಬ್ಯಾಡ್ರಿ," ಎಂದೆ. ಕಾಳಜಿ ಮಾಡಬೇಕಾಗಿದ್ದ ಜಾಗ ಅದೇ ಆಗಿತ್ತು.

ಶನಿವಾರ ಬಾಗಲಕೋಟೆಯಲ್ಲಿ ಇಳಿದವನು ಕಲಾದಗಿಯ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಪೇಟೆಯ ರೇಡಿಯೋ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ವಯಸ್ಸಾದವರು. ಕನ್ನಡಕ ಮೂಗಿನ ತುದಿಯಲ್ಲಿ ಕೂತಿತ್ತು.

"ಎಂಥಾದ್ದು ಬೇಕ್ರಿ?"

"ಗಟ್ಟೀದು."

"ದನಿ ಗಟ್ಟೀದೋ?"

"ಮೈ ಗಟ್ಟೀದು. ಕಲ್ಲಿನ ಖಣಿಗೆ ಬೇಕಾಗೇತಿ."

ಅವರು ಚರ್ಮದ ಚೀಲದೊಳಗಿನ ಒಂದು ಸಣ್ಣ ರೇಡಿಯೋ ತೆಗೆದು ಹಚ್ಚಿದರು. ಯಾರೋ ಹೆಣ್ಣುಮಗಳು ಹಾಡುತ್ತಿದ್ದಳು. ದನಿ ಪಕ್ಕದ ಮನೆಯಿಂದ ಬಂದಷ್ಟು ಸ್ವಚ್ಛವಾಗಿತ್ತು.

"ಇದನ್ನ ಒಯ್ರಿ," ಎಂದರು. "ಹಗರೈತಿ. ಚೀಲ ಇರೂದಕ್ಕ ಧೂಳ ಹೋಗೂದಿಲ್ಲ. ಗ್ವಾಡಿಗೆ ಒಂದು ಮೊಳಿ ಹೊಡದು ತೂಗಹಾಕ್ರಿ. ಹತ್ತ ವರ್ಷ ಕೇಳ್ರಿ."

ನಾನು ಬೆರಳಿನ ಗೆಣ್ಣಿನಿಂದ ಅದರ ಬೆನ್ನನ್ನು ಬಡಿದು ಕಿವಿಗೊಟ್ಟೆ.

"ಪೊಳ್ಳೈತಲ್ರಿ ಇದು."

ಯಜಮಾನರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ರೇಡಿಯೋ ಅಂದಮ್ಯಾಲ ಒಳಗ ಪೊಳ್ಳ ಇರೂದs. ಪೂರಾ ತುಂಬಿದ್ದು ಬೇಕಂದ್ರ ಬಾಜೂ ಅಂಗಡ್ಯಾಗ ಬೆಲ್ಲದ ಪೆಂಟಿ ಸಿಗತಾವ."

ನಾನು ಬಿಡಲಿಲ್ಲ. ಅಂಗಡಿಯಲ್ಲಿದ್ದ ಒಂದೊಂದೇ ರೇಡಿಯೋವನ್ನು ಕೆಳಗಿಳಿಸಿ, ಬಡಿದು, ಎತ್ತಿ ತೂಕ ನೋಡಿ, ಮೂಲೆಗಳನ್ನು ಗೇಣು ಹಾಕಿ ಅಳೆದೆ. ಒಂದನ್ನು ಎದೆಯೆತ್ತರದಿಂದ ಕೆಡವಿ ನೋಡಲೇ ಎಂದು ಕೇಳಿದೆ.

"ನಿಮ್ಮದಾದ ಮ್ಯಾಲ ಮಾಳಿಗಿ ಮ್ಯಾಲಿಂದ ಬೇಕಾದ್ರೂ ಒಗೀರಿ," ಎಂದರು ಯಜಮಾನರು. "ಈಗ ಅದು ನಂದೈತಿ."

ನಾನು ಐದನೆಯ ರೇಡಿಯೋ ಬಡಿಯುತ್ತಿದ್ದಾಗ ಕಲಾದಗಿಯ ಕೊನೆಯ ಬಸ್ಸು ಅಂಗಡಿಯ ಮುಂದಿನಿಂದಲೇ ಹಾದು ಹೋಯಿತು. ಹೊಸ್ತಿಲವರೆಗೆ ಓಡಿ ನಿಂತೆ. ಆದರೆ ಮನಸ್ಸು ತಕ್ಷಣ ತರ್ಕ ಹೂಡಿತು: ಒಂದು ವಾರ ಹೆಂಡತಿಯ ಮುಖ ನೋಡದಿದ್ದರೇನು, ಬುಧವಾರ ಆಕೆಯ ದನಿಯೇ ಖಣಿಗೆ ಬರುತ್ತದಲ್ಲ. ಈ ತರ್ಕದಲ್ಲಿ ಬಿರುಕಿದೆಯೇ ಎಂದು ನಾನು ಬಡಿದು ನೋಡಲಿಲ್ಲ. 'ಅತ್ಯಂತ ಮಹತ್ವದ ಕಾರ್ಯ ನಿಮಿತ್ತ ಈ ವಾರ ಬರಲಾಗುತ್ತಿಲ್ಲ' ಎಂದು ಒಂದು ಕಾರ್ಡು ಬರೆದು ಅಂಚೆಗೆ ಹಾಕಿದೆ.

ಕೊನೆಗೆ ಆರಿಸಿದ್ದು ಅಂಗಡಿಯಲ್ಲೇ ಅತಿ ಭಾರವಾದದ್ದನ್ನು. ದಪ್ಪ ಕವಚ, ಮೇಲೊಂದು ಹಿಡಿಕೆ, ಹೊಟ್ಟೆಯಲ್ಲಿ ಆರು ಸೆಲ್ಲಿನ ಜಾಗ. ಅದನ್ನು ಬಡಿದರೆ ಪೆಟ್ಟಿಗೆಗಿಂತ ಹೆಚ್ಚು ಬೆರಳಿಗೆ ನೋವಾಗುತ್ತಿತ್ತು. ಇದೇ ಗಂಡು ಎಂದುಕೊಂಡೆ.

"ದನಿ ಕೇಳ್ರಿ ಒಮ್ಮೆ," ಎಂದರು ಯಜಮಾನರು.

"ದನಿ ಇದ್ದs ಇರತೈತಿ," ಎಂದೆ.

"ಒಳಗ ಒಂದು ಕರೀ ಕಡ್ಡಿ ಐತಿ, ಭಾಳ ನಾಜೂಕ. ಪೆಟ್ಟ ಬೀಳಬಾರದು. ಮತ್ತ ದನಿ ಸಣ್ಣಾದ್ರ..."

ಅವರು ಮುಂದೆ ಏನು ಹೇಳಿದರೋ ಗೊತ್ತಿಲ್ಲ. ನಾನು ಹಿಡಿಕೆ ಹಿಡಿದು ತೂಗಾಡಿಸಿ ನೋಡುವುದರಲ್ಲಿ ಮಗ್ನನಾಗಿದ್ದೆ.

ಇಳಕಲ್ಲಿನ ಬಸ್ಸಿನಲ್ಲಿ ಗಾಳಿಯ ಜೊತೆ ಧೂಳು ನುಗ್ಗುತ್ತಿತ್ತು. ಸದರಿ ರೇಡಿಯೋವನ್ನು ಹೊದಿಕೆಯಲ್ಲಿ ಸುತ್ತಿ, ಎದೆಗವಚಿಕೊಂಡು ನಿಂತಿದ್ದೆ. ಒಬ್ಬ ಮುದುಕಿ ಸರಿದು ಜಾಗ ಕೊಟ್ಟಳು.

"ಕುಂದರಪಾ, ಕೂಸಿಗೆ ಗಾಳಿ ಬಡೀತೈತಿ." ಸ್ವಲ್ಪ ಹೊತ್ತು ನನ್ನ ತೊಡೆಯನ್ನೇ ನೋಡಿ, "ಭಾಳ ಶಾಣ್ಯಾ ಕೂಸು ನೋಡು. ಬಾಗಲಕ್ವಾಟಿಯಿಂದ ಒಮ್ಮೆರೆ ಅತ್ತಿಲ್ಲ," ಎಂದಳು.

"ಇನ್ನೂ ಸೆಲ್ಲು ಹಾಕಿಲ್ಲಬೇ," ಎಂದೆ.

ಮುದುಕಿ ಹುನಗುಂದದವರೆಗೆ ನನ್ನ ಕಡೆ ತಿರುಗಿ ನೋಡಲಿಲ್ಲ.

ಸೋಮವಾರ ಖಣಿಯಲ್ಲಿ ರೇಡಿಯೋ ಹಚ್ಚಿದೆವು. ಎಲ್ಲರೂ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಅಂಗಡಿಯ ಸಣ್ಣ ರೇಡಿಯೋದಷ್ಟು ಸ್ವಚ್ಛವಿಲ್ಲದಿದ್ದರೂ ದನಿ ಚೆನ್ನಾಗಿಯೇ ಬಂತು. ಬುಧವಾರ ನನ್ನ ಹೆಂಡತಿ ಇದರಲ್ಲಿ ಹಾಡುತ್ತಾಳೆಂದು ಹೇಳಿದೆ. ಬಂಡೆಗೆ ಮದ್ದಿಟ್ಟು ಹಾರಿಸುವ ಹುಸೇನಸಾಬ ಹಿರಿಯ, ಮಾತು ಕಡಿಮೆ. ಆತ ರೇಡಿಯೋವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ತಗಡಿನ ಶೆಡ್ಡಿನ್ಯಾಗ ಹಲಗಿ ಮ್ಯಾಲ ಇಡ್ರಿ ಮೇಸ್ತ್ರಿ. ಯಾರೂ ಮುಟ್ಟಬಾರದು. ನೀವೂ ಮುಟ್ಟಬ್ಯಾಡ್ರಿ," ಎಂದ. ಆ ಕೊನೆಯ ಮಾತನ್ನು ಆತ ಯಾಕೆ ಆಡಿದನೆಂದು ಆಗ ಹೊಳೆಯಲಿಲ್ಲ.

ಮಂಗಳವಾರ ಮದ್ದು ಹಾರಿಸಿದಾಗ ಒಂದು ಕಲ್ಲಿನ ಚೂರು ಹಾರಿ ಬಂದು ಶೆಡ್ಡಿನ ತಗಡಿಗೆ ಬಡಿಯಿತು. ರೇಡಿಯೋಕ್ಕೆ ಏನೂ ಆಗಲಿಲ್ಲ. ಆದದ್ದೆಲ್ಲ ನನಗೆ. ಆ ಚೂರು ಒಂದು ಮೊಳ ಈಚೆ ಬಂದಿದ್ದರೆ ನಾಳೆಯ ಹಾಡಿನ ಗತಿ ಏನು? ನೆಟ್ಟಗೆ ಕಮ್ಮಾರ ಮಾನಪ್ಪನ ಕುಲುಮೆಗೆ ಹೋದೆ. ಮಾನಪ್ಪ ಖಣಿಯಲ್ಲೇ ಇದ್ದುಕೊಂಡು ಮೊಂಡಾದ ಉಳಿಗಳನ್ನು ಕಾಯಿಸಿ ಚೂಪು ಮಾಡುವವನು.

"ಮಾನಪ್ಪ, ರೇಡಿಯೋಕ್ಕ ಒಂದು ಕಬ್ಬಿಣದ ಪೆಟಗಿ ಆಗಬೇಕು. ಇವತ್ತs ಆಗಬೇಕು."

ಹಳೆಯ ಡಾಂಬರಿನ ಡ್ರಮ್ಮಿನ ತಗಡು ಕತ್ತರಿಸಿ ಮಾನಪ್ಪ ಕೆಲಸ ಶುರು ಮಾಡಿದ. ಮುಂದುಗಡೆ ದನಿ ಬರಲು ಸಣ್ಣ ತೂತುಗಳು. ಸ್ವಿಚ್ಚಿನ ಗುಂಡಿಗೆ ಒಂದು ದೊಡ್ಡ ತೂತು. ಮುಚ್ಚಳಕ್ಕೆ ಕೀಲಿ ಬೇಡ, ರಿವೆಟ್ ಹೊಡೆದು ಶಾಶ್ವತವಾಗಿ ಮುಚ್ಚಿಬಿಡು ಎಂದೆ. ಸ್ಟೇಷನ್ನಿನ ಮುಳ್ಳನ್ನು ಮೊದಲೇ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದ್ದೆ. ಮಾನಪ್ಪ ಸುತ್ತಿಗೆ ಎತ್ತಿದವನು ಅರ್ಧಕ್ಕೇ ನಿಂತ.

"ಮೇಸ್ತ್ರೀರಿ, ದನಿ ಹೊರಗ ಬರಾಕ ತೂತು ಹೊಡದೀವಿ. ದನಿ ಒಳಗ ಹೋಗಾಕ?"

ನಾನು ನಕ್ಕೆ. ತಿಳಿಯದವರ ಮೇಲೆ ತಿಳಿದವರು ನಗುವ ನಗೆ ಅದು. "ದನಿ ಒಳಗ ಹೋಗೂದಿಲ್ಲೋ ಮಾನಪ್ಪ. ಅದು ಒಳಗs ಹುಟ್ಟತೈತಿ."

ಮಾನಪ್ಪ ರಿವೆಟ್ ಹೊಡೆದ. ಎಂಟು ರಿವೆಟ್. ಒಂದೊಂದು ಪೆಟ್ಟಿಗೂ ಒಳಗಿನ ರೇಡಿಯೋ ಎದ್ದು ಕೂತಂತೆ ಸಪ್ಪಳ ಮಾಡಿತು.

"ಹಚ್ಚಿ ನೋಡೂಣೇನ್ರಿ?" ಎಂದ.

"ಬ್ಯಾಡ. ಸೆಲ್ಲಿನ ಶಕ್ತಿ ನಾಳಿಗೆ ಉಳೀಲಿ."

ಬುಧವಾರ ಬಂತು. ನಾನು ಒಗೆದ ಅಂಗಿ ಹಾಕಿಕೊಂಡಿದ್ದೆ. ಹನ್ನೆರಡು ಗಂಟೆಯಿಂದ ಒಂದರವರೆಗೆ ಮದ್ದು ಹಾರಿಸಬಾರದು, ಉಳಿ ಎತ್ತಬಾರದು, ಕೆಮ್ಮು ಬಂದವರು ದೂರ ಹೋಗಿ ಕೆಮ್ಮಬೇಕು ಎಂದು ಅಪ್ಪಣೆ ಹೊರಡಿಸಿದೆ. ಒಂದು ಚಪ್ಪಟೆ ಕಲ್ಲಿನ ಮೇಲೆ ಪೆಟ್ಟಿಗೆಯನ್ನು ಇಟ್ಟೆವು. ಕಲ್ಲು ಹೊರುವ ಹೆಣ್ಣುಮಕ್ಕಳಲ್ಲೊಬ್ಬಳು ಅದಕ್ಕೆ ಕುಂಕುಮ ಹಚ್ಚಿದಳು. ಎಲ್ಲರೂ ನೆರಳಿರುವ ಕಡೆ ಕೂತರು. ಆ ಖಣಿ ಅಷ್ಟು ಮೌನವಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ದೂರದಲ್ಲಿ ಒಂದು ಗಾಡಿಯ ಎತ್ತಿನ ಗೆಜ್ಜೆ ಕೂಡ ಕೇಳುತ್ತಿತ್ತು. ಈ ಮೌನದೊಳಗೆ ಇನ್ನೇನು ಗಿರಿಜಾ ಬರುತ್ತಾಳೆ ಎಂದುಕೊಂಡು ಗುಂಡಿ ತಿರುಗಿಸಿದೆ.

ಶ್‌ಶ್‌ಶ್ ಎಂದಿತು.

"ಇನ್ನೂ ಸ್ಟೇಷನ್ ಶುರು ಆಗಿಲ್ಲ," ಎಂದೆ.

ಐದು ನಿಮಿಷ ಕಳೆಯಿತು. ಶ್‌ಶ್‌ಶ್. ಪೆಟ್ಟಿಗೆಯನ್ನು ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ. ಅಂಗೈಯಿಂದ ಬಡಿದೆ. ಕಬ್ಬಿಣ ಗಂಟೆಯ ಹಾಗೆ ದನಿ ಕೊಟ್ಟಿತು. ಅದರಲ್ಲಿ ಮಾತ್ರ ಯಾವ ದೋಷವೂ ಇರಲಿಲ್ಲ.

"ತಗ್ಗಿನ್ಯಾಗ ಅದೀವಿ, ಅದಕ್ಕ ಹಿಂಗ," ಎಂದು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಖಣಿಯ ದಂಡೆ ಹತ್ತಿದೆ. ನನ್ನ ಹಿಂದೆ ಇಡೀ ಖಣಿ ಹತ್ತಿತು. ಮೇಲೆ ಬಿಸಿಲು ಸುಡುತ್ತಿತ್ತು. ಒಗೆದ ಅಂಗಿಗೆ ಡಾಂಬರು, ಕುಂಕುಮ ಎರಡೂ ಹತ್ತಿದ್ದವು. ಪೆಟ್ಟಿಗೆ ಇಳಿಸಿ ಕಿವಿ ಹಚ್ಚಿದೆ. ಕಿವಿ ಸುಟ್ಟಿತು. ಶ್‌ಶ್‌ಶ್.

ಗಡಿಯಾರ ನೋಡಿದೆ. ಹನ್ನೆರಡೂ ನಲವತ್ತು. ಈಗ ಎಲ್ಲೋ, ಬೇರೆ ಯಾರದೋ ಮನೆಯಲ್ಲಿ, ರೊಟ್ಟಿ ಬಡಿಯುತ್ತ ಯಾರೋ ಗಿರಿಜೆಯನ್ನು ಕೇಳುತ್ತಿದ್ದಾರೆ. ಅವರಿಗೆ ಆಕೆ ಯಾರೆಂದು ಕೂಡ ಗೊತ್ತಿಲ್ಲ. ನನ್ನ ಕೈಯಲ್ಲಿ ಕಬ್ಬಿಣವಿದೆ.

"ಒಡಿ ಮಾನಪ್ಪ," ಎಂದೆ.

ಮಾನಪ್ಪ ಉಳಿ ಇಟ್ಟು ರಿವೆಟ್ಟುಗಳನ್ನು ಒಂದೊಂದಾಗಿ ಕತ್ತರಿಸತೊಡಗಿದ. ಆತ ನಿಧಾನವೆಂದು ಸುತ್ತಿಗೆಯನ್ನು ನಾನೇ ಕಸಿದುಕೊಂಡೆ. ಕಲ್ಲು ಸೀಳುವವನ ಕೈ. ನಾಲ್ಕೇ ಏಟಿಗೆ ಉಳಿದ ರಿವೆಟ್ಟುಗಳು ಹಾರಿದವು. ಒಳಗೆ ಏನೋ ಟಕ್ಕೆಂದು ಮುರಿದ ಸಪ್ಪಳವನ್ನು ಹುಸೇನಸಾಬ ಕೇಳಿದನಂತೆ. ನಾನು ಕೇಳಲಿಲ್ಲ. ಮುಚ್ಚಳ ಎತ್ತಿದೆ.

ಮುಚ್ಚಳ ಎತ್ತಿದ ಕೂಡಲೆ ದನಿ ಬಂತು. ಬಹಳ ದೂರದಿಂದ, ಬಾವಿಯ ತಳದಿಂದ ಬಂದಂತೆ ಒಂದು ಹೆಣ್ಣುದನಿ. ಮಾತು ತಿಳಿಯದು, ರಾಗವೂ ತಿಳಿಯದು. ಒಂದು ಎಳೆತ, ಒಂದು ಉಸಿರು. ಎಲ್ಲರೂ ಬಗ್ಗಿದರು. "ಇದs, ಇದs," ಎನ್ನುತ್ತ ನಾನು ರೇಡಿಯೋವನ್ನು ಎರಡೂ ಕೈಯಿಂದ ಎತ್ತಿದೆ. ಬೆವರಿನ ಕೈ. ಹಿಡಿಕೆ ಜಾರಿತು. ದಂಡೆಯಿಂದ ರೇಡಿಯೋ ಒಂದು ಬಂಡೆಯ ಮೇಲೆ ಬಿದ್ದು, ಅಲ್ಲಿಂದ ಇನ್ನೊಂದು ಬಂಡೆಗೆ ಹಾರಿ, ಕೊನೆಗೆ ನಾವು ಮೊದಲು ಕೂತಿದ್ದ ಜಾಗಕ್ಕೇ ಹೋಗಿ ನಿಂತಿತು.

ಇಳಿದು ಹೋಗಿ ನೋಡಿದೆವು. ಹೊರಗಿನ ಕವಚಕ್ಕೆ ಒಂದೆರಡು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಆ ಮಟ್ಟಿಗೆ ನನ್ನ ಆಯ್ಕೆ ಸರಿಯಾಗಿತ್ತು. ಎತ್ತಿ ಅಲ್ಲಾಡಿಸಿದರೆ ಒಳಗೆ ಹುಣಸೆ ಬೀಜ ತುಂಬಿದಂತೆ ಸಪ್ಪಳವಾಯಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಹುಸೇನಸಾಬ ತನ್ನ ಸೈಕಲ್ಲು ತಂದು ನನ್ನ ಮುಂದೆ ನಿಲ್ಲಿಸಿ, "ಇನ್ನೂ ಹೊತ್ತೈತಿ. ಹೋಟೆಲ್ಲಿಗೆ ಹೋಗ್ರಿ," ಎಂದ.

ಎರಡು ಮೈಲಿ ಹೇಗೆ ತುಳಿದೆನೋ. ಹೋಟೆಲ್ಲಿನೊಳಗೆ ನುಗ್ಗಿದಾಗ ರೇಡಿಯೋ ಪೇಟೆಯ ಧಾರಣೆ ಹೇಳುತ್ತಿತ್ತು. ಅದೊಂದು ಸಣ್ಣ ಕೆಂಪು ರೇಡಿಯೋ. ಬೆನ್ನು ಒಡೆದು ಸುತಳಿಯಿಂದ ಕಟ್ಟಿದ್ದರು. ಬಜ್ಜಿಯ ಹೊಗೆಯಲ್ಲಿ, ಎಣ್ಣೆಯ ಜಿಡ್ಡಿನಲ್ಲಿ ಅದು ಹಾಯಾಗಿ ಮಾತಾಡುತ್ತಿತ್ತು.

"ಹೆಣ್ಣಮಕ್ಕಳ ಕಾರ್ಯಕ್ರಮ ಮುಗೀತೇನ್ರಿ?" ಎಂದೆ.

"ಈಗ ಮುಗೀತ ನೋಡ್ರಿ," ಎಂದರು ಹೋಟೆಲ್ಲಿನವರು. "ಕಲಾದಗಿ ಸಾಲಿ ಅಕ್ಕೋರೊಬ್ರು ಬೀಸೂ ಕಲ್ಲಿನ ಹಾಡ ಹಾಡಿದ್ರು. ಏನ್ ದನಿ ಅಂತೀರಿ. ಗಿರಾಕಿ ಚಾ ತಣ್ಣಗ ಮಾಡಿಕೊಂಡು ಕುಂತಿದ್ರು."

"ಹಾಡು ಹೆಂಗಿತ್ತು? ಒಂದೀಟ ಹೇಳ್ರಿ."

ಅವರು ಕಣ್ಣು ಮುಚ್ಚಿ, ಕರಿಯುವ ಝಾರಿ ಎತ್ತಿ ಹಿಡಿದು, ಗುನುಗಲು ನೋಡಿದರು. ಬಜ್ಜಿ ಹೊತ್ತಿತು. "ನಮಗ ಬರೂದಿಲ್ರಿ. ಕೇಳಾಕs ಛಂದಿತ್ತು," ಎಂದರು.

ಆಕೆ ನನ್ನ ಹೆಂಡತಿ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಮುಂದಿನ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತಿತ್ತು. ಒಂದು ಚಹಾ ಕುಡಿದು ಬಂದೆ.

ಶನಿವಾರ ಹೋಗುವಾಗ ರೇಡಿಯೋವನ್ನು ಬಾಗಲಕೋಟೆಯ ಅಂಗಡಿಗೆ ಒಯ್ದೆ. ಯಜಮಾನರು ಬಿಚ್ಚಿದರು. ನಾಜೂಕಾದ ಕರಿ ಕಡ್ಡಿ ಮೂರು ತುಂಡಾಗಿತ್ತು. ಕಬ್ಬಿಣದ ಪೆಟ್ಟಿಗೆಯ ಕಥೆಯನ್ನು ಅವರು ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿದರು.

"ದನಿ ಗಾಳ್ಯಾಗಿಂದ ಬಂದು ಈ ಕಡ್ಡಿಗೆ ಹತ್ತತೈತ್ರಿ," ಎಂದರು ಮೆಲ್ಲಗೆ. "ಸುತ್ತೂ ಕಬ್ಬಿಣ ಮುಚ್ಚಿದ್ರ ಎಲ್ಲಿಂದ ಬರಬೇಕು ಅದು?"

ಮಾನಪ್ಪ ಕೇಳಿದ್ದೂ ಅದನ್ನೇ.

ಕಲಾದಗಿಯ ಬಸ್ಸಿನಲ್ಲಿ ಕೂತು ಹೊಗಳಿಕೆಯ ಮಾತುಗಳನ್ನು ಕಟ್ಟಿಕೊಂಡೆ. ಸತ್ಯ ಹೇಳುವ ಧೈರ್ಯ ಇರಲಿಲ್ಲ. ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. ಏನೂ ಕೇಳಲಿಲ್ಲ. ಕೈಕಾಲಿಗೆ ನೀರು ಕೊಟ್ಟಳು, ತಾಟು ಹಾಕಿದಳು, ಬಿಸಿ ರೊಟ್ಟಿ ನೀಡಿದಳು. ಆದರೆ ಕಿವಿಯೆಲ್ಲ ನನ್ನ ಕಡೆ ಇತ್ತು.

"ಭಾಳ ಛಂದ ಹಾಡಿದಿ," ಎಂದೆ.

ಆಕೆಯ ಕೈ ನಿಂತಿತು. "ಕೇಳಿದ್ರಿ?"

"ಕೇಳದs ಇರತೇನೇನು? ಬೀಸೂ ಕಲ್ಲಿನ ಹಾಡು. ಗಿರಾಕಿ... ನಮ್ಮ ಮಂದಿ ಚಾ ತಣ್ಣಗ ಮಾಡಿಕೊಂಡು ಕುಂತಿದ್ರು."

"ಹಾಡಾದ ಮ್ಯಾಲ ನಾ ಮಾತಾಡಿದ್ದು?"

ಇದು ನನಗೆ ಹೊಸದು. "ಹೂಂ, ಅದೂ ಕೇಳೇನಿ."

ಆಕೆ ತಲೆ ತಗ್ಗಿಸಿದಳು. "ಮತ್ತ ನಿಮ್ಮ ಒಪ್ಪಿಗಿ ಐತೇನ್ರಿ?"

"ಐತಿ ಅಲ್ಲ ಮತ್ತ?" ಎಂದೆ ಧಾರಾಳವಾಗಿ. ಆಕೆ ಏನು ಕೇಳಿದ್ದರೂ ಆ ಹೊತ್ತು ಕೊಡಲು ತಯಾರಿದ್ದೆ.

"ಖರೇನ? ನಾಳಿ ಬರೂ ಶನಿವಾರ ಸಾಲ್ಯಾಗ ಸ್ನೇಹ ಸಮ್ಮೇಳನ ಐತಿ. ಹೆಡ್‌ಮಾಸ್ತರು ರೇಡಿಯೋ ಕೇಳಿದ ಮ್ಯಾಲ ನಿಮ್ಮ ಹೆಸರೂ ಹಚ್ಯಾರ."

"ಎದಕ್ಕ?"

"ನನ್ನ ಜೋಡಿ ಹಾಡಾಕ."

ರೊಟ್ಟಿ ಗಂಟಲಲ್ಲಿ ನಿಂತಿತು. ಕೆಮ್ಮಿದೆ. ನೀರು ಕುಡಿದೆ. ಆಕೆ ನನ್ನ ಮುಖವನ್ನು ನೋಡುತ್ತಲೇ ಇದ್ದಳು. ಶಾಲೆಯಲ್ಲಿ ಮನೆಗೆ ಕೊಟ್ಟ ಲೆಕ್ಕ ಮಾಡಿದ್ದೇನೆಂದು ಸುಳ್ಳು ಹೇಳುವ ಮುಖಗಳನ್ನು ದಿನವೂ ನೋಡುವವಳು.

"ನೀವು ಕೇಳೇ ಇಲ್ಲ," ಎಂದಳು.

ತಾಟಿನ ಮುಂದೆ ಕೂತು ಎಲ್ಲ ಹೇಳಿದೆ. ಬಡಿದು ನೋಡಿದ್ದು, ಬಸ್ಸು ತಪ್ಪಿಸಿದ್ದು, ಎಂಟು ರಿವೆಟ್ಟು, ಬಾವಿಯ ತಳದ ದನಿ.

"ಆ ಶನಿವಾರ ನೀವು ಬರತೀರಿ ಅಂತ ಮಾಡಿದ್ದೆ," ಎಂದಳು. "ರೇಡಿಯೋದಾಗ ಬರೂಕಿಂತ ಮೊದಲ ನಿಮ್ಮ ಮುಂದ ಹಾಡಬೇಕಂತ ಧೈರ್ಯ ಮಾಡಿ ಕುಂತಿದ್ದೆ. ಸೋಮವಾರ ನಿಮ್ಮ ಕಾರ್ಡ ಬಂತು."

ನಾನು ತಾಟಿನಲ್ಲಿ ಗೆರೆ ಎಳೆಯುತ್ತ ಕೂತೆ. ಆಮೇಲೆ ಕೇಳಿದೆ, "ರೇಡಿಯೋದಾಗ ಏನಂದಿ?"

"ಬೀಸೂ ಹಾಡು ಒಬ್ರು ಹಾಡೂದಲ್ರಿ. ಎದುರಾ ಬದುರಾ ಕುಂತು ಇಬ್ರು ಹಾಡೂದು. ತವರಮನಿ ಬದಾಮ್ಯಾಗ ನಾನು, ನಮ್ಮವ್ವ ಹಾಡತಿದ್ವಿ. ಅವ್ವ ಹೋದಮ್ಯಾಲ ಅರ್ಧಾ ಹಾಡ ಉಳದೈತಿ. ಅದಕ್ಕ ಯಾರರೆ ಬಂದ್ರ ನಿಲ್ಲಸತೇನಿ. ಇನ್ನರ್ಧಾ ನಮ್ಮ ಮನಿಯವರು ಕಲತ್ರ ಹಾಡತೇನಿ ಅಂದೆ."

ಇಷ್ಟು ದಿನ ನಾನು ಆಕೆಯ ಹಾಡಿಗಾಗಿ ಕಾದಿದ್ದೆ. ಆ ಹಾಡೂ ಯಾರಿಗೋ ಕಾಯುತ್ತಿತ್ತು ಎಂಬುದು ನನ್ನ ತಲೆಗೆ ಬಂದಿರಲಿಲ್ಲ.

ತಾಟು ಎತ್ತುತ್ತ ಆಕೆ ಕೇಳಿದಳು, "ಆ ಪೆಟಗಿಗೆ ಎಷ್ಟು ತೂತು ಹೊಡಸಿದ್ರಿ?"

"ಒಂದು ನಲವತ್ತು."

ಆಕೆಯ ತುಟಿ ನಡುಗಿತು. ಅಳುತ್ತಾಳೆಂದುಕೊಂಡೆ. ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, "ಒಪ್ಪಿಗಿ ಕೊಟ್ಟೀರಿ. ಇನ್ನ ತಪ್ಪಿಸಬ್ಯಾಡ್ರಿ," ಎಂದಳು.

ತಾಲೀಮು ಮಾಡೋಣವೆಂದೆ. ವಾರವಿಡೀ ಪಾಠ ಹೇಳಿ ಆಕೆಗೆ ಗಂಟಲು ಕಟ್ಟಿತ್ತು, ಹಾಡಲು ಬರುತ್ತಿರಲಿಲ್ಲ. ಹಾಡನ್ನು ಹಾಳೆಯ ಮೇಲೆ ಬರೆದುಕೊಟ್ಟಳು. ರಾಗ ಎಲ್ಲ ಮನೆಗಳಲ್ಲೂ ಇರುವಂಥದ್ದೇ, ನಿಮ್ಮ ತಾಯಿಯೂ ಹಾಡಿರುತ್ತಾರೆ, ನೆನಪು ಮಾಡಿಕೊಳ್ಳಿ ಎಂದಳು. ಇಡೀ ವಾರ ಖಣಿಯಲ್ಲಿ ನಲವತ್ತು ಉಳಿಗಳ ನಡುವೆ ನಿಂತು ಹಾಡಿ ಹಾಡಿ ಕಲಿತೆ. ನನ್ನ ದನಿ ನನಗೇ ಕೇಳಬೇಕಾದರೆ ಗಟ್ಟಿಯಾಗಿ ಹಾಡಲೇಬೇಕಾಗಿತ್ತು. ಗುರುವಾರದ ಹೊತ್ತಿಗೆ ಹುಸೇನಸಾಬ ಮದ್ದು ಹಾರಿಸುವಾಗಷ್ಟೇ ಅಲ್ಲ, ನಾನು ಹಾಡುವಾಗಲೂ ದೂರ ಹೋಗಿ ನಿಲ್ಲುತ್ತಿದ್ದ.

ಸಮ್ಮೇಳನ ಶನಿವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ನಡೆಯಿತು. ರಜೆ ಹಾಕಿ, ನಸುಕಿನ ಬಸ್ಸು ಹಿಡಿದು ನೆಟ್ಟಗೆ ಅಲ್ಲಿಗೇ ಹೋದೆ. ವೇದಿಕೆಯ ಮೇಲೆ ಒಂದು ಬೀಸುವ ಕಲ್ಲು ತಂದಿಟ್ಟಿದ್ದರು. ಆ ಬದಿ ಗಿರಿಜಾ, ಈ ಬದಿ ನಾನು. ಇಬ್ಬರ ಕೈಯೂ ಒಂದೇ ಗೂಟದ ಮೇಲೆ. ಎದುರಿಗೆ ಅರ್ಧ ಊರು. ಗಿರಿಜಾ ನನ್ನನ್ನು ನೋಡಿ ಸಣ್ಣಗೆ ತಲೆಯಾಡಿಸಿದಳು. ಈಗ ಆಕೆಯ ದನಿ ಬರುತ್ತದೆ, ಇಷ್ಟು ಹತ್ತಿರದಿಂದ, ನಡುವೆ ಒಂದು ಕಲ್ಲು ಮಾತ್ರ ಎಂದುಕೊಂಡೆ. ಆಕೆ ಬಾಯಿ ತೆರೆಯುವ ಮುನ್ನವೇ ಗಾಬರಿಯಲ್ಲಿ ನಾನು ಶುರು ಮಾಡಿಬಿಟ್ಟೆ.

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಖಣಿಯ ಅಭ್ಯಾಸ. ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು. ಗಿರಿಜಾಳ ತುಟಿ ಆಡುತ್ತಿತ್ತು, ಕೊರಳ ನರ ಏರಿ ಇಳಿಯುತ್ತಿತ್ತು, ಕಣ್ಣು ಮುಚ್ಚಿತ್ತು, ಮುಖದಲ್ಲಿ ನಾನು ಎಂದೂ ಕಾಣದ ನೆಮ್ಮದಿ ಇತ್ತು. ಹಾಡು ಮುಗಿಯುವವರೆಗೂ ನಾನು ಅದನ್ನು ನೋಡುತ್ತಲೇ ಹಾಡಿದೆ.

ಚಪ್ಪಾಳೆಯಾಯಿತು. ಹೆಡ್‌ಮಾಸ್ತರು ಹತ್ತಿರ ಬಂದು, "ಮೇಸ್ತ್ರಿಗಳ ದನಿ ಗಟ್ಟಿ ಐತ್ರಿ," ಎಂದರು. ಹೊಗಳಿದರೋ ಏನೋ ಗೊತ್ತಾಗಲಿಲ್ಲ.

ಗಿರಿಜಾ ಹಣೆಯ ಬೆವರು ಒರೆಸಿಕೊಂಡು ನನ್ನ ಕಡೆ ಬಗ್ಗಿ, ಯಾರಿಗೂ ಕೇಳದ ಹಾಗೆ ಕೇಳಿದಳು, "ನನ್ನ ದನಿ ಹೆಂಗಿತ್ತ್ರಿ?"

"ಗೊತ್ತಾಗಲಿಲ್ಲ ಗಿರಿಜಾ," ಎಂದೆ. "ನಾ ಹಾಡಾಕತ್ತಿದ್ದೆ."